ರಿಸೀವ್ಡ್ ಮುದ್ರೆಯ ಹೆಬ್ಬೆಟ್ಟು

ಜೂನ್ ೪

ಮೇಷ್ಟ್ರಿಗೆ ನಮಸ್ಕಾರ.

ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೆ. ಓದುವಾಗ ಬೈದುಕೊಳ್ಳಬೇಡಿ. ಐದನೇ ತರಗತಿ ಬಿಟ್ಟ ಮೇಲೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ರಬ್ಬರ್ ಮುದ್ರೆಯ ಅಂಗಡಿಯಲ್ಲಿ ದಿನವಿಡೀ ಸೀಸದ ಅಕ್ಷರಗಳನ್ನು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಜೋಡಿಸಿ ಜೋಡಿಸಿ, ನೆಟ್ಟಗೆ ಬರೆಯಲು ಕುಳಿತರೆ ಪೆನ್ನು ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತುಬಿಡುತ್ತದೆ.

ನಿಮ್ಮ ಮಗಳ ಮನೆಯಲ್ಲಿ ಹೇಗಿದ್ದೀರಿ? ಮೊಮ್ಮಗಳು ಹೊಂದಿಕೊಂಡಳೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ರಬ್ಬರ್ ಕಾಯಿಸುವ ಬಿಸಿಯಣ್ಣ ಮಾತ್ರ ದಿನಕ್ಕೊಮ್ಮೆಯಾದರೂ ನಿಮ್ಮ ಹೆಸರೆತ್ತುತ್ತಾನೆ. "ಮೇಷ್ಟ್ರು ಹೋದ್ಮೇಲೆ ಬೈಯೋರೇ ಇಲ್ಲ ಕಣೇ ಗುಬ್ಬಿ. ಬೈಸಿಕೊಳ್ಳದೆ ಟೀ ಕುಡಿದ್ರೆ ಸಪ್ಪೆ ಅನ್ಸುತ್ತೆ" ಎನ್ನುತ್ತಾನೆ. ಯಜಮಾನರು ನಿಮ್ಮ ಮೇಜನ್ನು ನನಗೆ ಕೊಟ್ಟಿದ್ದಾರೆ. ನಾನು ಬೇಡವೆಂದೆ. "ಸುಮ್ನೆ ಕೂತ್ಕೊಳಮ್ಮ, ಬೆಳಕು ಅಲ್ಲೇ ಚೆನ್ನಾಗಿ ಬೀಳೋದು" ಎಂದರು. ಕೂತಿದ್ದೇನೆ. ಬೆಳಕು ಚೆನ್ನಾಗಿಯೇ ಬೀಳುತ್ತದೆ, ಕೂರಲು ಮಾತ್ರ ಆಗುವುದಿಲ್ಲ.

ನೀವು ಹೊರಟ ದಿನವನ್ನು ಮರೆಯೋಣವೆಂದರೆ ಆಗುತ್ತಿಲ್ಲ. ಆ ದೊಡ್ಡ ಕಚೇರಿಯ ಗುಮಾಸ್ತರು ಅರವತ್ತು ಮುದ್ರೆಗಳನ್ನೂ ಚೀಲದಿಂದ ಮೇಜಿನ ಮೇಲೆ ಸುರಿದರಲ್ಲ, ಅದರ ಸದ್ದು ಇನ್ನೂ ಕಿವಿಯಲ್ಲಿದೆ. "ಒಂದೇ ಒಂದು ಪದ ಕೊಟ್ಟಿದ್ದು. ರಿಸೀವ್ಡ್! ಅದನ್ನೂ ತಪ್ಪು ಕೊರೆದ್ರೆ ಹೇಗ್ರೀ? ಹತ್ತು ದಿನದಿಂದ ಎಲ್ಲಾ ಕೌಂಟರಲ್ಲೂ ಇದನ್ನೇ ಒತ್ತಿದೀವಿ. ಬಂದೋರೆಲ್ಲ ಕಾಗದ ಎತ್ತಿ ತೋರಿಸಿ ನಗ್ತಿದಾರೆ" ಎಂದರು. ಯಜಮಾನರು ಚೀಟಿ ಪುಸ್ತಕ ತೆಗೆದರು. ಒಬ್ಬರು ಜೋಡಿಸಬೇಕು, ಚೀಟಿಯ ಮೇಲೆ ಒತ್ತಿ ನೋಡಬೇಕು, ಇನ್ನೊಬ್ಬರು ಅದನ್ನು ಓದಬೇಕು, ಓದಿದವರು ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಬೇಕು, ಆಮೇಲಷ್ಟೇ ರಬ್ಬರ್ ಕಾಯಬೇಕು ಎಂದು ಮೊದಲ ದಿನವೇ ನನಗೆ ಕಲಿಸಿದ್ದಿರಿ. ಆ ಚೀಟಿಯ ಪಕ್ಕದಲ್ಲೂ ಹೆಬ್ಬೆಟ್ಟಿತ್ತು. ನೀವು ಬಹಳ ಹೊತ್ತು ನೋಡಿ, "ನಂದೇ ಇರಬೇಕು. ನೋಡಿದ ನೆನಪಿಲ್ಲ" ಎಂದಿರಿ. ಯಾರೂ ನಿಮ್ಮನ್ನು ಹೋಗಿ ಎನ್ನಲಿಲ್ಲ. ನೀವೇ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, "ಅಕ್ಷರ ಕಾಣದವನು ಅಕ್ಷರದ ಮುಂದೆ ಕೂರಬಾರದು" ಎಂದು ಎದ್ದುಬಿಟ್ಟಿರಿ.

ಒಂದು ಕೇಳಬೇಕಿತ್ತು. ಪ್ರತಿ ಹೊಸ ಇಂಗ್ಲಿಷ್ ಪದ ಬಂದಾಗಲೂ ನೀವು ಮೊದಲು ಅರ್ಥ ಹೇಳಿ, ಆಮೇಲೆ ಅಕ್ಷರ ಮುಟ್ಟಿಸುತ್ತಿದ್ದಿರಿ. ಈ ಪದದ ಅರ್ಥವನ್ನು ಮಾತ್ರ ಹೇಳಿರಲಿಲ್ಲ. ನಿಮಗೆ ಬೇಸರವಿಲ್ಲದಿದ್ದರೆ ಬರೆದು ಕಳುಹಿಸಿ. ಅಮ್ಮ ನಿಮ್ಮನ್ನು ಕೇಳಿದಳೆಂದು ತಿಳಿಸಲು ಹೇಳಿದಳು.

ಇತಿ ನಿಮ್ಮ
ಗುಬ್ಬಿ

---

ಜೂನ್ ೧೭

ಗುಬ್ಬಿಗೆ ಆಶೀರ್ವಾದಗಳು.

ಕಾಗದ ಬಂತು. ಅಕ್ಷರ ಕೆಟ್ಟದಾಗಿದೆ ಎಂದು ಹೆದರಿಸಿದ್ದೆಯಲ್ಲ, ಅಷ್ಟೇನಿಲ್ಲ. ಕೋಳಿ ಕೆದಕಿದರೂ ಸಾಲು ಬಿಟ್ಟು ಕೆದಕಿಲ್ಲ. ಬಿಸಿಯಣ್ಣನಿಗೆ ಹೇಳು, ಬೈಗುಳ ಬೇಕಿದ್ದರೆ ತಿಂಗಳಿಗಾಗುವಷ್ಟನ್ನು ಒಟ್ಟಿಗೆ ಅಂಚೆಯಲ್ಲಿ ಕಳುಹಿಸುತ್ತೇನೆ.

ಇಲ್ಲಿ ನನಗೆ ಏನೂ ಕಡಿಮೆಯಿಲ್ಲ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮೂರನೇ ಮಹಡಿ. ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ನನ್ನ ಕೈ ಹಿಡಿದು ರಸ್ತೆ ದಾಟಿಸಿ ಉದ್ಯಾನಕ್ಕೆ ಕರೆದೊಯ್ಯುತ್ತಾಳೆ. ನಾನು ಒಬ್ಬನೇ ದಾಟುವುದನ್ನು ಬಿಟ್ಟಿದ್ದೇನೆ. ಒಲೆ ಹಚ್ಚುವುದನ್ನೂ ಬಿಟ್ಟಿದ್ದೇನೆ. ಮಗಳು ಬೇಡ ಎನ್ನಲಿಲ್ಲ, ನಾನೇ ನನ್ನ ಕೈಗೆ ಬೆಂಕಿಪೊಟ್ಟಣ ಕೊಡಬೇಡ ಎಂದೆ. ಬಾಗಿಲ ಚಿಲಕ ಹಾಕಿದೆನೇ ಎಂದು ನಾಲ್ಕು ಸಲ ಎದ್ದು ನೋಡುತ್ತೇನೆ. ಬೆಳಗಿನ ಮಾತ್ರೆ ನುಂಗಿದ್ದು ನೆನಪಿದ್ದರೂ ಮಗಳನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ನೆನಪಿದೆ ಅನ್ನಿಸುವುದಕ್ಕೂ ನಿಜವಾಗಿ ನಡೆದದ್ದಕ್ಕೂ ಸಂಬಂಧವಿಲ್ಲವೆಂದು ಒಮ್ಮೆ ಗೊತ್ತಾದ ಮೇಲೆ ಯಾವುದನ್ನು ನಂಬುವುದು ಹೇಳು. ಈ ಕಾಗದವನ್ನೂ ಅಂಟಿಸುವ ಮುಂಚೆ ಮೊಮ್ಮಗಳ ಕೈಲಿ ಓದಿಸುತ್ತೇನೆ. ಪೇಪರ್ ಓದುವುದನ್ನು ಬಿಟ್ಟೆ. ಕಾಣುತ್ತದೆ, ಆದರೆ ಕಂಡದ್ದು ಅದೇನಾ ಎಂಬ ಅನುಮಾನ ಬಂದರೆ ಓದಿದ ಹಾಗಲ್ಲ.

ಇರಲಿ. ನೀನು ಅರ್ಥ ಕೇಳಿದ್ದೀಯ. ಕೇಳಿದ್ದು ಒಳ್ಳೆಯದಾಯಿತು, ಬಹಳ ದಿನದ ಮೇಲೆ ಕೆಲಸ ಸಿಕ್ಕಿತು.

ರಿಸೀವ್ ಎಂದರೆ ಕೈಗೆ ಬಂದದ್ದನ್ನು ಪಡೆಯುವುದು. ಇದು ಎಲ್ಲರಿಗೂ ಗೊತ್ತಿರುವ ಅರ್ಥ. ಮನೆ ಬಾಗಿಲಿಗೆ ಬಂದವರನ್ನು ಎದುರುಗೊಂಡು ಒಳಗೆ ಕರೆದರೂ ಅದೇ ಪದ. ರೇಡಿಯೋ ಗಾಳಿಯಿಂದ ಮಾತು ಹಿಡಿದುಕೊಂಡರೂ ಅದೇ. ಸುದ್ದಿ ತಲುಪಿದರೂ ಅದೇ. ಪೆಟ್ಟು ತಿಂದರೂ, ಗಾಯವಾದರೂ ಇಂಗ್ಲಿಷಿನವರು ಅದನ್ನೇ ಬಳಸುತ್ತಾರೆ. ಒಂದು ಪದ ಎಷ್ಟೊಂದನ್ನು ಹೊರುತ್ತದೆ ನೋಡು. ಆದರೆ ಕಚೇರಿಯ ಮುದ್ರೆಯಲ್ಲಿ ಅದಕ್ಕೆ ಇನ್ನೂ ಸ್ವಲ್ಪ ತೂಕ ಜಾಸ್ತಿ. ಕಾಗದದ ಮೇಲೆ ಅದನ್ನು ಒತ್ತಿದರೆ, ಇದು ನಮ್ಮ ಕೈಗೆ ಬಂದಿದೆ, ಇನ್ನು ಮೇಲೆ ಇದು ನಮ್ಮ ಹೊಣೆ, ನಮಗೆ ಗೊತ್ತೇ ಇಲ್ಲ ಎನ್ನುವ ಹಾಗಿಲ್ಲ ಎಂದು ಒಪ್ಪಿಕೊಂಡಂತೆ.

ಅಕ್ಷರ: ಆರ್, ಇ, ಸಿ, ಇ, ಐ, ವಿ, ಇ. ಸಿ ಆದ ಮೇಲೆ ಮೊದಲು ಇ, ಆಮೇಲೆ ಐ. ಸಿ ಬಾಯಿ ತೆರೆದುಕೊಂಡು ನಿಂತಿರುತ್ತಾನೆ, ಅವನ ಪಕ್ಕಕ್ಕೆ ಮೂರು ಕೈಯ ಇ ಬೇಕು, ಒಂಟಿ ಕೋಲಿನ ಐ ಅಲ್ಲ. ರಿಲೀವ್ ಎಂಬಲ್ಲಿ ಇದು ಅದಲುಬದಲು, ಎಲ್ ಆದ ಮೇಲೆ ಐ, ಆಮೇಲೆ ಇ. ಇಂಗ್ಲಿಷ್ ಅರೆದು ಕುಡಿದವರೂ ಇಲ್ಲಿ ಎಡವುತ್ತಾರೆ. ನಲವತ್ತು ವರ್ಷದಲ್ಲಿ ಎಷ್ಟು ಜನರ ಬರಹದಲ್ಲಿ ನಾನಿದನ್ನು ತಿದ್ದಿದ್ದೇನೋ ಲೆಕ್ಕವಿಲ್ಲ. ಅದೇ ಪದ, ನನ್ನ ಕಣ್ಣೆದುರೇ, ತಪ್ಪಾಗಿ ದಾಟಿಹೋಯಿತು. ಅದಕ್ಕೇ ಎದ್ದು ಬಂದೆ ಗುಬ್ಬಿ. ಬೇರೆ ಯಾವ ಪದವಾಗಿದ್ದರೂ ಕೂತಿರುತ್ತಿದ್ದೆ.

ನಿನ್ನ ಮೇಲೆ ನನಗೆ ಬೇಸರವಿಲ್ಲ. ಜೋಡಿಸುವವರು ತಪ್ಪುವುದು ಸಹಜ. ಅದಕ್ಕೇ ತಾನೇ ಓದುವವನು ಇರುವುದು. ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ,
ಮೇಷ್ಟ್ರು

---

ಜುಲೈ ೨

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆ ಹೆಬ್ಬೆಟ್ಟು ನಿಮ್ಮದಲ್ಲ. ನನ್ನದು.

ನೀವು ಆ ಚೀಟಿಯನ್ನು ನೋಡಿಯೇ ಇರಲಿಲ್ಲ. ಹೊಸ ಕನ್ನಡಕ ತರಲು ಮಧ್ಯಾಹ್ನ ಹೊರಟಿರಿ. ಹೊರಡುವ ಮುಂಚೆ ಒಟ್ಟಿಗೆ ಹನ್ನೊಂದು ಚೀಟಿ ಓದಿ ಹೆಬ್ಬೆಟ್ಟು ಒತ್ತಿದಿರಿ. ಇದು ಹನ್ನೆರಡನೆಯದು, ನಾನು ಇನ್ನೂ ಜೋಡಿಸಿರಲಿಲ್ಲ. ಯಜಮಾನರು ಫೋನಿನಲ್ಲಿ ಕೇಳಿಕೊಂಡು, 'ರಿಸೀವ್ಡ್, ಅರವತ್ತು, ನಾಳೆ ಬೆಳಗ್ಗೆ' ಎಂದು ಕನ್ನಡದಲ್ಲೇ ಗೀಚಿ ಕೊಟ್ಟಿದ್ದರು. ಇಂಗ್ಲಿಷ್ ಅಕ್ಷರ ನೀವು ಬಂದ ಮೇಲೆ ಕೇಳಬೇಕಿತ್ತು. ಆದರೆ ಹಿಂದಿನ ವಾರ ಕಾರ್ಖಾನೆಯವರಿಗೆ ರಿಲೀವ್ಡ್ ಎಂಬ ಮುದ್ರೆ ಮಾಡಿದ್ದೆವಲ್ಲ, ನೀವು ಆಗ ಅದರ ಕೊನೆಯ ಐದು ಅಕ್ಷರ ಬಿಚ್ಚಬೇಡ, ಆಗಾಗ ಬೇಕಾಗುತ್ತದೆ ಎಂದು ದಾರ ಸುತ್ತಿಸಿ ಖಾನೆಯಲ್ಲಿ ಇಡಿಸಿದ್ದಿರಿ. ಬಾಲ ಎನ್ನುತ್ತೀರಲ್ಲ, ಅದು. ನಾನು ಎರಡೂ ಪದವನ್ನು ಬಾಯಲ್ಲಿ ಅಂದುಕೊಂಡು ನೋಡಿದೆ. ರಿಲೀವ್ಡ್, ರಿಸೀವ್ಡ್. ಒಂದೇ ಬಾಲ. ಮುಂದೆ ಮೂರು ಅಕ್ಷರ ಇಟ್ಟರೆ ಮುಗಿಯಿತು. ಯಾರೂ ಹೇಳಿಕೊಡದೆ ನಾನೇ ಒಂದು ಇಂಗ್ಲಿಷ್ ಪದ ಕಟ್ಟಿದೆ ಎಂದು ಎಷ್ಟು ಹಿಗ್ಗಿದೆನೆಂದರೆ, ಈಗ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ. ದಾರವನ್ನೂ ಬಿಚ್ಚದೆ ಹಾಗೇ ಕೂರಿಸಿದೆ.

ಬಿಸಿಯಣ್ಣ ಯಂತ್ರ ಕಾಯಿಸಿಕೊಂಡು ಕೂಗುತ್ತಿದ್ದ. "ಏನೇ ಗುಬ್ಬಿ, ಮೊಟ್ಟೆ ಇಡ್ತಿದೀಯಾ? ಹೆಬ್ಬೆಟ್ಟು ಬಿದ್ದಿದ್ರೆ ಕಳ್ಸು." ಬಿದ್ದಿಲ್ಲ ಎನ್ನಬಹುದಿತ್ತು. ಬಾಯಿಂದ ಮಾತು ಹೊರಡುವುದಕ್ಕಿಂತ ಕೈ ಶಾಯಿಗೆ ಹೋಗುವುದೇ ಸುಲಭವಾಯಿತು. ಒತ್ತಿ ಕಳುಹಿಸಿದೆ.

ಅಷ್ಟೇ ಆಗಿದ್ದರೆ ನಿಮ್ಮ ಮುಂದೆ ಎಂದಾದರೂ ಹೇಳುತ್ತಿದ್ದೆನೋ ಏನೋ. ಸಂಜೆ ನೀವು ಹೊಸ ಕನ್ನಡಕ ಹಾಕಿಕೊಂಡು ಬಂದು, "ಆ ಕಚೇರಿ ಮುದ್ರೆದು ಚೀಟಿ ಎಲ್ಲಮ್ಮ?" ಎಂದು ಕೇಳಿದಿರಿ. ನಾನು ತಲೆ ಎತ್ತದೆ, "ನೀವು ನೋಡಿದ್ರಲ್ಲ ಮೇಷ್ಟ್ರೇ, ಹೋಗೋ ಮುಂಚೆ" ಎಂದೆ. ನೀವು ಕನ್ನಡಕ ಸರಿಮಾಡಿಕೊಂಡು, "ನೋಡಿದ್ನಾ? ಹಾಂ, ನೋಡಿರ್ತೀನಿ" ಎಂದಿರಿ. ಅಷ್ಟು ನಂಬಿದಿರಿ ನನ್ನನ್ನು.

ಗುಮಾಸ್ತರು ಬಂದ ದಿನ ನಾನು ನಿಮ್ಮ ಹಿಂದೆಯೇ ನಿಂತಿದ್ದೆ. ನೀವು 'ನಂದೇ ಇರಬೇಕು' ಎಂದಾಗ ನಾನು ನನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡೆ. ಅಮ್ಮ ಬೀದಿಯಲ್ಲಿ ಎಲ್ಲರಿಗೂ, ನನ್ನ ಮಗಳು ಐದೇ ಕ್ಲಾಸು ಓದಿದ್ರೂ ಇಂಗ್ಲಿಷ್ ಅಕ್ಷರ ಜೋಡಿಸ್ತಾಳೆ ಎಂದು ಹೇಳಿಕೊಂಡು ತಿರುಗುತ್ತಾಳೆ. ಅದು ನೆನಪಾಯಿತು. ಆಗ ನೀವು ಮೆಟ್ಟಿಲಿಳಿಯುತ್ತಿದ್ದಿರಿ.

ನಿಮ್ಮ ನೆನಪು ಸರಿಯಾಗಿದೆ ಮೇಷ್ಟ್ರೇ. ನೋಡಿದ ನೆನಪಿಲ್ಲ ಎಂದಿರಿ, ಏಕೆಂದರೆ ನೋಡಿರಲಿಲ್ಲ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಚಿಲಕ ಒಂದೇ ಸಲ ನೋಡಿದರೆ ಸಾಕು. ರಸ್ತೆ ನೀವೇ ದಾಟಿ.

ಯಜಮಾನರಿಗೆ ಇನ್ನೂ ಹೇಳಿಲ್ಲ. ನಿಮಗೆ ಬರೆದರೆ ಸಾಕೆಂದು ಅಂದುಕೊಂಡೆ. ಬೈದು ಬರೆಯಿರಿ.

ಗುಬ್ಬಿ

---

ಜುಲೈ ೨೧

ನಿನಗೆ,

ನಾನು ಮೇಷ್ಟ್ರ ಮಗಳು. ನಿನ್ನ ಕಾಗದ ಅಪ್ಪನ ಕೈಗೆ ಹೋಗುವ ಮುಂಚೆ ನಾನೇ ಒಡೆದು ಓದಿದೆ. ತಪ್ಪೇ, ಆದರೆ ಈಚೆಗೆ ಅವರಿಗೆ ಬರುವುದೆಲ್ಲವನ್ನೂ ನಾನೇ ಮೊದಲು ನೋಡುತ್ತೇನೆ. ಹಾಗೆ ನೋಡು ಎಂದವರು ಅವರೇ. ಏಕೆಂದು ನಿನಗೆ ಚೆನ್ನಾಗಿ ಗೊತ್ತಿದೆ.

ಮೂರು ದಿನ ಬೀರುವಿನಲ್ಲಿ ಬಚ್ಚಿಟ್ಟೆ. ಸಿಟ್ಟಿನಲ್ಲಿ ಏನೇನೋ ಬರೆಯಬೇಕೆಂದಿದ್ದೆ. ನಾನೂ ದುಡಿಯುವವಳು, ಮೇಲಿನವರ ಎದುರು ಬಾಯಿ ಕಟ್ಟಿಹೋಗುವುದು ನನಗೂ ಗೊತ್ತು. ಆದರೆ ನಮ್ಮಪ್ಪ ಬೆಳಗ್ಗೆ ಎದ್ದು, "ಮಗಾ, ಇವತ್ತು ಯಾವ ವಾರ? ಮಂಗಳವಾರ ಅಂತ ಅನ್ಸುತ್ತೆ, ಹೌದಾ?" ಎಂದು ಕೇಳಿದಾಗ, ಅದು ಮಂಗಳವಾರವೇ ಆಗಿದ್ದಾಗ, ಹೌದಪ್ಪ ಎಂದ ಮೇಲೂ ಅವರು ಕ್ಯಾಲೆಂಡರ್ ಹತ್ತಿರ ಹೋಗಿ ನಿಲ್ಲುವುದನ್ನು ನೀನು ನೋಡಿಲ್ಲ. ಡಾಕ್ಟರ ಹತ್ತಿರ ಎರಡು ಸಲ ಹೋಗಿ ಬಂದೆವು. ಅವರು ಏನೂ ಇಲ್ಲ ಎಂದರು. "ನನ್ನ ಸಮಾಧಾನಕ್ಕೆ ಹಾಗಂತಾರೆ" ಎನ್ನುತ್ತಾರೆ ಅಪ್ಪ.

ನಾಲ್ಕನೇ ದಿನ ಕಾಗದ ಕೊಟ್ಟೆ. ಎರಡು ಸಲ ಓದಿದರು, ಮೊಮ್ಮಗಳ ಕೈಲೂ ಓದಿಸಿದರು. ನಾನು ಸಂತೋಷಪಡುತ್ತಾರೆ, ಇಲ್ಲವೇ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಮಡಿಸಿ ಲಕೋಟೆಗೆ ಹಾಕಿ, "ಪಾಪ, ಒಳ್ಳೆ ಹುಡುಗಿ. ನಾನು ಕಳೆದ ಸಲ ಗೋಳು ಬರೆದೆನಲ್ಲ, ಅದಕ್ಕೆ ಮರುಗಿ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡಿದಾಳೆ. ಹೆಬ್ಬೆಟ್ಟು ನಾನೇ ನೋಡಿದೆನಲ್ಲ" ಎಂದರು.

ಅವರು ನಿನ್ನನ್ನು ನಂಬುತ್ತಿಲ್ಲ. ನೀನು ಸುಳ್ಳು ಹೇಳಿದಾಗ ನಂಬಿದರು, ನಿಜ ಹೇಳಿದರೆ ಕರುಣೆ ಎನ್ನುತ್ತಿದ್ದಾರೆ. ನಾನು ಹೇಳಿ ಸಾಕಾಯಿತು. ಯಜಮಾನರಿಗೆ ಇನ್ನೂ ಹೇಳಿಲ್ಲ ಎಂದು ಬರೆದಿದ್ದೀಯಲ್ಲ, ಅದೇ ಸಾಲನ್ನು ಅವರು ಬೆರಳಿಟ್ಟು ತೋರಿಸಿದರು. "ನಿಜ ಆಗಿದ್ರೆ ಅಲ್ಲಿ ಹೇಳ್ತಿರಲಿಲ್ವಾ?"

ನಿನಗೆ ಏನು ಮಾಡಬೇಕೆಂದು ನಾನು ಹೇಳುವುದಿಲ್ಲ.

ಮೇಷ್ಟ್ರ ಮಗಳು

---

ಆಗಸ್ಟ್ ೩

ಅಕ್ಕನವರಿಗೆ ನಮಸ್ಕಾರ. ಇದರ ಜೊತೆ ಇರುವ ದಪ್ಪ ಕಾಗದವನ್ನು ದಯವಿಟ್ಟು ಮಡಿಸಬೇಡಿ, ಹಾಗೇ ಮೇಷ್ಟ್ರ ಕೈಗೆ ಕೊಡಿ. ಕೆಳಗಿನದು ಮೇಷ್ಟ್ರಿಗೆ.

ಮೇಷ್ಟ್ರೇ,

ನಿನ್ನೆ ಹೇಳಿದೆ. ಬೆಳಗ್ಗೆ ಯಜಮಾನರು ಒಬ್ಬರೇ ಇರುವಾಗ ಹೇಳಬೇಕೆಂದು ಬೇಗ ಹೋದೆ, ಅವರು ತಡವಾಗಿ ಬಂದರು. ಅಷ್ಟರಲ್ಲಿ ಬಿಸಿಯಣ್ಣ ಬಂದಿದ್ದ, ರಬ್ಬರ್ ಕತ್ತರಿಸುವ ಇಬ್ಬರು ಅಕ್ಕಂದಿರು ಬಂದಿದ್ದರು, ಮುದ್ರೆ ಮಾಡಿಸಲು ಬಂದ ವಕೀಲರೊಬ್ಬರು ಕುರ್ಚಿಯಲ್ಲಿ ಕೂತಿದ್ದರು. ಈಗ ಬೇಡ, ಮಧ್ಯಾಹ್ನ ಎಂದುಕೊಂಡೆ. ಹಾಗೆಯೇ ಅಂದುಕೊಂಡು ಮೂರು ತಿಂಗಳು ಕಳೆದಿದ್ದೇನೆ ಎಂದು ನೆನಪಾಯಿತು. ಮೇಜಿನ ಮುಂದೆ ನಿಂತೆ.

"ಯಜಮಾನ್ರೇ, ರಿಸೀವ್ಡ್ ಚೀಟಿ ಮೇಲೆ ಹೆಬ್ಬೆಟ್ಟು ಒತ್ತಿದ್ದು ನಾನು."

"ಏನಂದೆ? ಗಟ್ಟಿಯಾಗಿ ಹೇಳು, ಯಂತ್ರದ ಸದ್ದು."

ಬಿಸಿಯಣ್ಣ ಯಂತ್ರ ನಿಲ್ಲಿಸಿದ. ಎಲ್ಲ ನಿಶ್ಶಬ್ದವಾದ ಮೇಲೆ ನಾನು ಎರಡನೇ ಸಲ ಹೇಳಬೇಕಾಯಿತು. ಮೊದಲನೆಯದಕ್ಕಿಂತ ಅದು ಕಷ್ಟ.

ಯಜಮಾನರು ಮೊದಲು ನಕ್ಕರು. "ಮೇಷ್ಟ್ರ ಮೇಲೆ ಅಷ್ಟು ಪ್ರೀತಿನಾ? ಹೋಗಮ್ಮ, ಕೆಲಸ ನೋಡು." ನಾನು ಅಲ್ಲಿಂದ ಕದಲಲಿಲ್ಲ. ಚೀಟಿ ಪುಸ್ತಕ ತಂದು ಆ ಹಾಳೆ ತೆಗೆದಿಟ್ಟು, ಶಾಯಿ ಮುಟ್ಟಿ ಪಕ್ಕದಲ್ಲೇ ಮತ್ತೆ ಒತ್ತಿದೆ. ಹಿಂದಿನ ಪುಟದಲ್ಲಿ ನಿಮ್ಮ ಹೆಬ್ಬೆಟ್ಟಿತ್ತು. ಅವರು ಭೂತಗನ್ನಡಿ ಹಿಡಿದು ಬಗ್ಗಿದರು. ಭೂತಗನ್ನಡಿಯೇ ಬೇಕಿರಲಿಲ್ಲ ಮೇಷ್ಟ್ರೇ. ನಿಮ್ಮದು ಅಗಲ, ಚೀಟಿಯ ಅಂಚು ದಾಟುತ್ತದೆ. ನನ್ನದು ಗೋಡಂಬಿಯಷ್ಟಿದೆ. ಬಿಸಿಯಣ್ಣನೂ ಬಗ್ಗಿ ನೋಡಿ, "ಅಯ್ಯೋ ನಮ್ಮ ಕಣ್ಣಿಗೆ ಮಣ್ಣು ಹಾಕ! ಇದು ಮೇಷ್ಟ್ರ ಕಿರುಬೆರಳೂ ಅಲ್ವಲ್ರೀ!" ಎಂದ. ಆ ದಿನ ಎಲ್ಲರೂ ತಪ್ಪಾದ ಪದವನ್ನೇ ನೋಡಿದ್ದೆವು. ಹೆಬ್ಬೆಟ್ಟನ್ನು ಯಾರೂ ನೋಡಿರಲಿಲ್ಲ, ನಾನೊಬ್ಬಳನ್ನು ಬಿಟ್ಟು.

ಯಜಮಾನರು ನನ್ನನ್ನು ಬೈಯಲಿಲ್ಲ. ಭೂತಗನ್ನಡಿಯನ್ನು ಕೆಳಗಿಟ್ಟರು. ಆಮೇಲೆ, "ಕನ್ನಡಕ ಬದಲಾಯಿಸಿದ್ರೂ ಕಾಣಲ್ವಾ ಅಂತ ಅಂದ್ಬಿಟ್ಟೆ ನಾನು ಅವರಿಗೆ. ನಲವತ್ತು ವರ್ಷ ಇಲ್ಲಿ ದುಡಿದ ಮನುಷ್ಯನಿಗೆ" ಎಂದು ಗೋಡೆಗೆ ಹೇಳಿದರು. ವಕೀಲರು ನಾಳೆ ಬರ್ತೀನಿ ಎಂದು ಎದ್ದು ಹೋದರು.

ನನ್ನನ್ನು ಅಕ್ಷರದ ಕೆಲಸದಿಂದ ತೆಗೆದಿದ್ದಾರೆ. ಇನ್ನು ಮೇಲೆ ಮುದ್ರೆಗಳಿಗೆ ಮರದ ಹಿಡಿ ಅಂಟಿಸಬೇಕು. ಅಂಗಡಿಗೆ ಬರಲೇಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅಮ್ಮನಿಗೂ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಇದ್ದಳು. ಎಲ್ಲ ಮಡಿಸಿ ಮುಗಿಸಿ, "ಇದನ್ನ ಬಚ್ಚಿಟ್ಕೊಂಡು ನನ್ನ ಕೈಯಲ್ಲಿ ಆ ಮನುಷ್ಯನಿಗೆ ನಮಸ್ಕಾರ ಕಳಿಸಿದೆಯಲ್ಲೇ" ಎಂದಳು. ಇಷ್ಟೇ. ಅವಳು ಈಗ ಬೀದಿಯಲ್ಲಿ ಏನೂ ಹೇಳಿಕೊಳ್ಳುವುದಿಲ್ಲ.

ಜೊತೆಗಿರುವುದು ಆ ಹಾಳೆ. ಪುಸ್ತಕದಿಂದ ಹಾಳೆ ಹರಿಯುವ ಪದ್ಧತಿಯಿಲ್ಲ, ಯಜಮಾನರೇ ಅಡಿಪಟ್ಟಿ ಇಟ್ಟು ಹರಿದು ಕೊಟ್ಟರು. ಕೆಳಗೆ ಅವರ ಕೈಬರಹದಲ್ಲಿ ಎರಡು ಸಾಲಿದೆ. ನಾನು ಓದಿಲ್ಲ. ನಿಮ್ಮ ಹೆಬ್ಬೆರಳನ್ನು ಪಕ್ಕದಲ್ಲಿಟ್ಟು ನೋಡಿ. ನನ್ನ ಮಾತು ನಂಬಬೇಡಿ, ನಿಮ್ಮ ಕಣ್ಣು ನಂಬಿ.

ಗುಬ್ಬಿ

---

ಆಗಸ್ಟ್ ೨೬

ಗುಬ್ಬಿಗೆ,

ಹಾಳೆ ಬಂತು. ಬೆರಳಿಟ್ಟು ನೋಡಿದೆ. ಮೊಮ್ಮಗಳನ್ನು ಕರೆಯಲಿಲ್ಲ.

ಎರಡು ವಾರ ನಿನಗೆ ಬರೆಯಬಾರದೆಂದು ಕೂತಿದ್ದೆ. ಈಗಲೂ ಬಹಳ ಬರೆಯುವುದಿಲ್ಲ.

ನೀನು ಪದ ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಬಾಲವನ್ನು ದಾರ ಸುತ್ತಿ ಇಡಿಸಿದವನು ನಾನು, ಅದು ಎಲ್ಲಿಗೆ ಹೊಂದುತ್ತದೆ ಎಲ್ಲಿಗೆ ಹೊಂದುವುದಿಲ್ಲ ಎಂದು ಹೇಳದೇ ಇದ್ದವನೂ ನಾನೇ. ಹೆಬ್ಬೆಟ್ಟು ಒತ್ತಿದ್ದಕ್ಕೆ ಸಿಟ್ಟಿದೆ, ಆದರೆ ಅದನ್ನು ನುಂಗಿಕೊಳ್ಳಬಲ್ಲೆ. ಸಂಜೆ ನಾನು ಕೇಳಿದಾಗ, ತಲೆ ಎತ್ತದೆ, 'ನೀವು ನೋಡಿದ್ರಲ್ಲ ಮೇಷ್ಟ್ರೇ' ಎಂದೆಯಲ್ಲ. ಆ ಮೂರು ಪದ. ಅವು ನನ್ನ ತಲೆಯೊಳಗೆ ಹೊಕ್ಕು, ಅಲ್ಲಿದ್ದ ಒಂದೊಂದನ್ನೂ ಹಿಡಿದು ಅಲ್ಲಾಡಿಸಿದವು. ನನ್ನ ಹೆಂಡತಿ ಸಾಯುವ ಮುಂಚೆ ಆಡಿದ ಮಾತೂ ನಿಜವಾಗಿ ಆಡಿದ್ದೋ, ನಾನು ಕಟ್ಟಿಕೊಂಡದ್ದೋ ಎಂದು ಅನುಮಾನಪಟ್ಟೆ. ನನ್ನ ಮಗಳು ಬಹಳ ತಾಳ್ಮೆಯಿಂದ ನನ್ನ ಜೊತೆ ಮಾತಾಡಲು ಶುರುಮಾಡಿದ್ದಳು, ಮಗುವಿನ ಜೊತೆ ಆಡುವ ಹಾಗೆ. ಅದನ್ನು ನಾನು ನಿನಗೆ ಹೇಗೆ ವಿವರಿಸಲಿ?

ಕ್ಷಮಿಸಿದ್ದೇನೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಸುಳ್ಳು ಬರೆಯುವುದಿಲ್ಲ. ನೀನು ಎಲ್ಲರ ಮುಂದೆ ಎರಡು ಸಲ ಹೇಳಿದ್ದು ಓದಿದೆ. ಅದನ್ನು ಸಣ್ಣದೆಂದೂ ಬರೆಯುವುದಿಲ್ಲ. ಸದ್ಯಕ್ಕೆ ಇವೆರಡೇ ನನ್ನ ಹತ್ತಿರ ಇರುವುದು.

ನನಗೂ ನಾಚಿಕೆಯಿದೆ. ಹೆಬ್ಬೆಟ್ಟು ಕಣ್ಣೆದುರೇ ಇತ್ತು. ನಲವತ್ತು ವರ್ಷ ಬೇರೆಯವರ ತಪ್ಪು ಹುಡುಕಿದವನಿಗೆ ತನ್ನ ಬೆರಳು ಯಾವುದೆಂದು ತಿಳಿಯಲಿಲ್ಲ. ಮುದುಕನಾದೆ ಎಂದು ಒಪ್ಪಿಕೊಳ್ಳಲು ಒಳಗೊಳಗೇ ಕಾಯುತ್ತಿದ್ದೆನೋ ಏನೋ, ಒಂದು ನೆಪ ಸಿಕ್ಕಿದ್ದೇ ಎದ್ದುಬಿಟ್ಟೆ.

ಯಜಮಾನರು ಆ ಎರಡು ಸಾಲಿನಲ್ಲಿ ನನ್ನನ್ನು ಕರೆದಿದ್ದಾರೆ. ಮಗಳು ಬೇಡ ಎನ್ನುತ್ತಿದ್ದಾಳೆ. ಬರುತ್ತೇನೆ. ನಿನಗಾಗಿ ಅಲ್ಲ. ನಿನ್ನೆ ಒಬ್ಬನೇ ರಸ್ತೆ ದಾಟಿದೆ.

ಮೇಷ್ಟ್ರು

---

ಸೆಪ್ಟೆಂಬರ್ ೧೯

ಅಕ್ಕನವರಿಗೆ ನಮಸ್ಕಾರ.

ಅಪ್ಪ ಹೇಗಿದ್ದಾರೆಂದು ವಾರಕ್ಕೊಮ್ಮೆ ಬರೆ, ಇದ್ದದ್ದು ಇದ್ದ ಹಾಗೆ ಬರೆ ಎಂದು ಅಪ್ಪಣೆ ಮಾಡಿದ್ದಿರಿ. ಅವರು ಚೆನ್ನಾಗಿದ್ದೇನೆ ಎಂದಷ್ಟೇ ಬರೆಯುತ್ತಾರೆ, ನಿನಗೆ ಇದು ದಂಡ ಎಂದುಕೋ ಎಂದಿರಿ. ಹಾಗೇ ಅಂದುಕೊಂಡು ಬರೆಯುತ್ತಿದ್ದೇನೆ.

ಅವರು ಬಂದು ಒಂಬತ್ತು ದಿನವಾಯಿತು. ಬಸ್ಸಿಳಿದು ತಮ್ಮ ಚೀಲ ತಾವೇ ಹೊತ್ತುಕೊಂಡು ಬಂದರು. ಯಜಮಾನರು ಬಾಗಿಲಿಗೇ ಬಂದು ನಿಂತು, ಏನೋ ದೊಡ್ಡ ಮಾತು ಹೇಳಲು ಹೊರಟು, "ಟೀ ಕುಡೀತೀರಾ?" ಎಂದರು. ಮೇಷ್ಟ್ರು, "ಮೊದಲು ಮೇಜು ಒರೆಸ್ತೀನಿ, ಅಕ್ಷರದ ಖಾನೆಯೆಲ್ಲ ಧೂಳು" ಎಂದು ಒಳಗೆ ಬಂದರು. ಬಿಸಿಯಣ್ಣ ಬೇಕೆಂದೇ ಒಂದು ರಬ್ಬರ್ ಹಾಳೆ ಸುಟ್ಟುಕೊಂಡು ಬೈಸಿಕೊಂಡ. ಈಗ ಅವನಿಗೆ ಟೀ ರುಚಿಸುತ್ತಿದೆಯಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ. ಮಾತ್ರೆಯನ್ನು ತಾವೇ ನೆನಪಿಟ್ಟು ನುಂಗುತ್ತಾರೆ. ಯಾರನ್ನೂ ಕೇಳುವುದಿಲ್ಲ. ಮೊದಲ ಮೂರು ದಿನ ಪ್ರತಿ ಚೀಟಿಯನ್ನೂ ಎರಡೆರಡು ಸಲ ಓದುತ್ತಿದ್ದರು, ಹೆಬ್ಬೆಟ್ಟು ಒತ್ತುವ ಮುಂಚೆ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ನಾಲ್ಕನೇ ದಿನದಿಂದ ಒಂದೇ ಸಲ. ಸಿಟ್ಟಿನಿಂದ ಹೋಗಿದ್ದ ಆ ದೊಡ್ಡ ಕಚೇರಿಯವರು ಈಗ ಮತ್ತೆ ಕೇಳಿದ ಅರವತ್ತು ಮುದ್ರೆಗಳ ಅಕ್ಷರವನ್ನು ಅವರೇ ಜೋಡಿಸಿದರು. ಓದಲು ಯಜಮಾನರನ್ನು ಕರೆದರು. ಗುಮಾಸ್ತರು ಬಂದು ತೆಗೆದುಕೊಂಡು ಹೋದರು, ಈ ಸಲ ಅವರೂ ಒಂದೊಂದೇ ಅಕ್ಷರ ಬೆರಳಿಟ್ಟು ಓದಿಕೊಂಡರು.

ಇದ್ದದ್ದು ಇದ್ದ ಹಾಗೆ ಎಂದಿರಿ, ಅದಕ್ಕೆ ಇದನ್ನೂ ಬರೆಯಬೇಕು. ನನ್ನ ಜೊತೆ ಅವರು ಮಾತಾಡುತ್ತಿರಲಿಲ್ಲ. ಬಂದ ದಿನ ನಾನು ಕಾಲಿಗೆ ಬೀಳಲು ಹೋದರೆ ಪಕ್ಕಕ್ಕೆ ಸರಿದರು. ಸಿಟ್ಟಿನ ಮುಖವಲ್ಲ. ಗಾಜಿನ ಆಚೆ ನೋಡುವ ಹಾಗೆ ನನ್ನನ್ನು ದಾಟಿ ನೋಡುತ್ತಿದ್ದರು. ನನಗೆ ಅದರಲ್ಲಿ ದೂರಲು ಏನೂ ಇಲ್ಲ. ಹಿಡಿ ಅಂಟಿಸುವ ಹಲಗೆ ಬಾಗಿಲ ಹತ್ತಿರ, ಅವರ ಮೇಜು ಕಿಟಕಿಯ ಹತ್ತಿರ. ನಡುವೆ ಇಡೀ ಕೋಣೆ. ನಾನು ತಲೆ ತಗ್ಗಿಸಿಯೇ ಕೆಲಸ ಮಾಡುತ್ತಿದ್ದೆ.

ಇವತ್ತು ಬೆಳಗ್ಗೆ ಶಾಲೆಯೊಂದರ ಎಂಟು ಮುದ್ರೆಗಳಿಗೆ ಹಿಡಿ ಅಂಟಿಸಿ ಸಾಲಾಗಿ ಒಣಗಲು ನಿಲ್ಲಿಸಿದ್ದೆ. ಅವರು ಕಿಟಕಿಯ ಹತ್ತಿರ ಚೀಟಿ ಓದುತ್ತಿದ್ದವರು ತಲೆ ಎತ್ತಿದರು. ಆ ಕಡೆಯಿಂದಲೇ, ಎಲ್ಲರಿಗೂ ಕೇಳುವ ಹಾಗೆ, "ಏಯ್, ಮೂರನೇದು ಸೊಟ್ಟ" ಎಂದರು.

ಯಾರಿಗೆ ಹೇಳಿದರೆಂದು ನಾನು ಅತ್ತ ಇತ್ತ ನೋಡಿದೆ.

"ನಿನಗೇ ಹೇಳಿದ್ದು. ಅದನ್ನ ಒತ್ತಿದ್ರೆ ಅಕ್ಷರ ಎಡಕ್ಕೆ ವಾಲುತ್ತೆ. ಕಾಣಲ್ವಾ?"

ನನಗೆ ಕಾಣಲಿಲ್ಲ ಅಕ್ಕ. ಕಣ್ಣಿನ ಹತ್ತಿರ ಹಿಡಿದು ನೋಡಿದೆ, ಆಗಲೂ ಕಾಣಲಿಲ್ಲ. ಅಡಿಪಟ್ಟಿ ಇಟ್ಟು ನೋಡಿದೆ. ಒಂದು ಕೂದಲೆಳೆಯಷ್ಟು ಸೊಟ್ಟಗಿತ್ತು. ಅವರು ಹದಿನೈದು ಹೆಜ್ಜೆ ದೂರದಿಂದ ಕಂಡಿದ್ದರು.

"ಹೌದು ಮೇಷ್ಟ್ರೇ, ಸೊಟ್ಟ ಇದೆ" ಎಂದೆ. ಅವರು ಆಗಲೇ ಮುಂದಿನ ಚೀಟಿಗೆ ತಲೆ ಬಗ್ಗಿಸಿದ್ದರು.

ಅಂಟು ಇನ್ನೂ ಹಸಿಯಿತ್ತು. ಹಿಡಿಯನ್ನು ಮೆಲ್ಲಗೆ ತಿರುಗಿಸಿ ಬಿಡಿಸಿ, ಹಳೆಯ ಅಂಟನ್ನು ಬಟ್ಟೆಯಿಂದ ಒರೆಸಿ, ನೇರ ಮಾಡಿ ಮತ್ತೆ ಅಂಟಿಸಿದೆ.

ಇತಿ,
ಗುಬ್ಬಿ